ಮ್ಯಾಂಚೆಸ್ಟರ್‌ನ ಪಿಕಾಡಿಲಿ ರೇಡಿಯೋ ಮುಚ್ಚಿಹೋಯ್ತಾ?

ಇಲ್ಲ, ಹೆಸರು ಬದಲಾಗಿದೆ ಅಷ್ಟೆ. ಇಂಗ್ಲೆಂಡಿನ ನೆಲದಲ್ಲಿ ಜಾಹೀರಾತಿನ ದುಡ್ಡಿನಿಂದ ನಡೆಯುವ ಅಧಿಕೃತ ರೇಡಿಯೋ ಶುರುವಾಗಿದ್ದೇ 1973ರಲ್ಲಿ. ಅಲ್ಲಿಯವರೆಗೆ ಬಿಬಿಸಿಯದೇ ರಾಜ್ಯಭಾರ. ಪಿಕಾಡಿಲಿ ಬಂದದ್ದು 1974ರ ಏಪ್ರಿಲ್ 2ರಂದು, ಮೀಡಿಯಂ ವೇವ್ 261 ಮೀಟರ್‌ನಲ್ಲಿ. ಸ್ಟುಡಿಯೋ ಊರ ನಟ್ಟನಡುವಿನ ಪಿಕಾಡಿಲಿ ಪ್ಲಾಜಾದಲ್ಲಿ. ಹೆಸರು ಬಂದದ್ದೂ ಆ ಜಾಗದಿಂದಲೇ. ಮುಂದೆ ದೇಶಕ್ಕೇ ಹೆಸರಾದ ರೇಡಿಯೋ ನಿರೂಪಕ ಕ್ರಿಸ್ ಇವಾನ್ಸ್, ಪಿಕಾಡಿಲಿಯ ನಿರೂಪಕ ಟಿಮ್ಮಿ ಮ್ಯಾಲೆಟ್‌ಗೆ ಸಹಾಯಕನಾಗಿ ಕೆಲಸ ಕಲಿತದ್ದು ಇಲ್ಲೇ. ಎಂಥ ಒಳ್ಳೆ ಪಾಠಶಾಲೆ ಅಲ್ವಾ!

1988ರಲ್ಲಿ ಪಿಕಾಡಿಲಿಯ ಎಫ್‌ಎಂ ಪ್ರಸಾರ ಬೇರೆಯಾಗಿ ಕೀ 103 ಅನ್ನೋ ಸ್ಟೇಷನ್ ಆಯಿತು. ಹಳೆ ಹಾಡುಗಳು ಎಎಂನಲ್ಲಿ, ಅಂದ್ರೆ ಮೀಡಿಯಂ ವೇವ್‌ನಲ್ಲಿ, ಪಿಕಾಡಿಲಿ ಗೋಲ್ಡ್ ಆಗಿ ಉಳಿದವು. 2018ರಲ್ಲಿ ಕೀ 103 ಜಾಗಕ್ಕೆ ಹಿಟ್ಸ್ ರೇಡಿಯೋ ಬಂತು. ಈಗ ಜಾಸ್ತಿ ಕಾರ್ಯಕ್ರಮ ಹಲವು ಊರುಗಳಿಗೆ ಒಂದೇ. ಊರಿನದೇ ದನಿ ಕಡಿಮೆಯಾಯಿತಲ್ಲ ಅಂತ ನನಗೆ ಬೇಜಾರಿದೆ.