ರೊಮೇನಿಯನ್ ವಾಕ್ಯವನ್ನು ಇಂಗ್ಲಿಷಿನಿಂದ ಪದಶಃ ಕಟ್ಟಿದರೆ ಏಕೆ ತಪ್ಪಾಗುತ್ತದೆ?

ಇಂಗ್ಲಿಷ್ ಮಾಧ್ಯಮದ ಪಾಠಗಳಿಂದ ರೊಮೇನಿಯನ್ ಕಲಿಯುತ್ತಿರುವುದಾಗಿಯೂ, ಪದಗಳೆಲ್ಲ ಗೊತ್ತಿದ್ದರೂ ವಾಕ್ಯಗಳು ತಪ್ಪಾಗುತ್ತಿರುವುದಾಗಿಯೂ ಬರೆದು, ವಾಕ್ಯರಚನೆಯ ಮೂಲ ನಿಯಮಗಳೇನೆಂದು ಕೇಳಿದ್ದೀರಿ. ರೊಮೇನಿಯಾದ ಕ್ಲುಜ್ ನಗರದಲ್ಲಿದ್ದ ಎರಡು ವರ್ಷಗಳಲ್ಲಿ ನಾನೂ ಹೀಗೆಯೇ ಎಡವಿದವನು. ಮೊದಲ ವಾರದಲ್ಲೇ ಮನೆಯೊಡತಿಗೆ ‘ಯೆವು ಸುಂತ್ ಫ್ವಾಮೆ’ ಎಂದಿದ್ದೆ. ‘ಫ್ವಾಮೆ’ ಎಂಬುದು ನಾಮಪದವಾದ್ದರಿಂದ ಆಕೆಗೆ ಕೇಳಿಸಿದ್ದು, ‘ನಾನು ಹಸಿವು ಆಗಿದ್ದೇನೆ’ ಎಂದು.

ಹೇಳಬೇಕಾಗಿದ್ದುದು ‘ಮಿಯೆ ಫ್ವಾಮೆ’, ಅಂದರೆ ‘ನನಗೆ ಹಸಿವು’. ಚಳಿಯಾದರೆ ‘ಮಿಯೆ ಫ್ರಿಗ್’. ಕಾಫಿ ಇಷ್ಟವೆನ್ನಲು ‘ಇಮ್ ಪ್ಲಾಚೆ ಕಾಫ್ಯಾವಾ’. ಇಂಗ್ಲಿಷಿನಲ್ಲಿ ಹಸಿದವನು, ಮೆಚ್ಚಿದವನು ವಾಕ್ಯದ ಕರ್ತೃವಾದರೆ, ರೊಮೇನಿಯನ್ನಿನಲ್ಲಿ ಅವನು ಕನ್ನಡದಂತೆಯೇ ಚತುರ್ಥಿ ವಿಭಕ್ತಿಯಲ್ಲಿ ನಿಲ್ಲುತ್ತಾನೆ. ಕ್ರಿಯಾಪದವು ಮೆಚ್ಚಿದ ವಸ್ತುವಿಗೆ ಹೊಂದುವುದರಿಂದ, ಹೂಗಳು ಇಷ್ಟ ಎನ್ನುವಾಗ ‘ಪ್ಲಾಚೆ’ ಹೋಗಿ ‘ಇಮ್ ಪ್ಲಾಕ್ ಫ್ಲೋರಿಲೆ’ ಎಂದಾಗುತ್ತದೆ. (‘ಇಮ್’ನ ಮೊದಲ ಸ್ವರ ನಮ್ಮ ‘ಇ’ಗೂ ‘ಉ’ಗೂ ನಡುವಿನದು, ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ.)

ಪದಗಳ ಸಾಮಾನ್ಯ ಕ್ರಮ ಇಂಗ್ಲಿಷಿನದೇ: ಕರ್ತೃ, ಕ್ರಿಯೆ, ಕರ್ಮ. ಆದರೆ ಕ್ರಿಯಾಪದದಲ್ಲೇ ಪುರುಷ ತಿಳಿಯುವುದರಿಂದ ಸರ್ವನಾಮವನ್ನು ಸಾಮಾನ್ಯವಾಗಿ ಬಿಡುತ್ತಾರೆ. ‘ಮೆರ್ಗ್’ ಎಂದರೆ ಹೋಗುತ್ತೇನೆ, ‘ಮೆರ್ಜೆಮ್’ ಎಂದರೆ ಹೋಗುತ್ತೇವೆ. ಪ್ರತಿ ವಾಕ್ಯಕ್ಕೂ ‘ಯೆವು’ ಹಚ್ಚಿದರೆ, ಕನ್ನಡದಲ್ಲಿ ಮಾತುಮಾತಿಗೂ ‘ನಾನು, ನಾನು’ ಎಂದಂತೆ ಕೇಳಿಸುತ್ತದೆ. ಪ್ರಶ್ನೆಗೆ ಬೇರೆ ರಚನೆ ಬೇಕಿಲ್ಲ, ಧ್ವನಿ ಏರಿಸಿದರೆ ಸಾಕು. ನಿಷೇಧಕ್ಕೆ ಕ್ರಿಯಾಪದದ ಮೊದಲು ‘ನು’ ಬರುತ್ತದೆ. ‘ನು ಶ್ತಿವು ನಿಮಿಕ್’ ಎಂಬಲ್ಲಿ ಎರಡು ನಿಷೇಧಗಳಿದ್ದರೂ ಅರ್ಥ ‘ನನಗೇನೂ ಗೊತ್ತಿಲ್ಲ’ ಎಂದೇ.

ಇಂಗ್ಲಿಷ್ ಬಲ್ಲವರನ್ನು ಹೆಚ್ಚು ಕಾಡುವುದು ನಿಶ್ಚಿತತೆಯನ್ನು ಸೂಚಿಸುವ ಉಪಪದ (ಇಂಗ್ಲಿಷಿನ ‘the’). ಇಂಗ್ಲಿಷಿನಲ್ಲಿ ಅದು ನಾಮಪದದ ಮೊದಲು ಬಿಡಿಯಾಗಿ ನಿಂತರೆ, ಇಲ್ಲಿ ಪ್ರತ್ಯಯವಾಗಿ ಪದದ ಕೊನೆಗೆ ಅಂಟುತ್ತದೆ: ‘ತ್ರೆನ್’ ರೈಲು, ‘ತ್ರೆನುಲ್’ ಆ ನಿರ್ದಿಷ್ಟ ರೈಲು. ಸ್ತ್ರೀಲಿಂಗದ ‘ಕಾಸ’ (ಮನೆ) ನಿರ್ದಿಷ್ಟವಾದಾಗ ‘ಕಾಸಾ’ ಆಗುತ್ತದೆ. ಕೊನೆಯ ಸ್ವರದ ಈ ವ್ಯತ್ಯಾಸ ನಮ್ಮ ಅಕಾರ–ಆಕಾರಗಳ ವ್ಯತ್ಯಾಸಕ್ಕೆ ಹತ್ತಿರವಿದೆ. ಇಂಗ್ಲಿಷ್ ಕಾಗುಣಿತವನ್ನು ನೆನೆಯುತ್ತ ಕೇಳಿದರೆ ಅದು ಕಿವಿಗೆ ಬೀಳುವುದೇ ಇಲ್ಲ. ಇನ್ನೊಂದು ತೊಡಕೆಂದರೆ, ಹೆಚ್ಚಿನ ಉಪಸರ್ಗಗಳ (ನಾಮಪದದ ಮೊದಲು ಬರುವ ‘ಲಾ’ದಂಥ ಸಂಬಂಧಸೂಚಕ ಪದಗಳ) ನಂತರ, ನಾಮಪದಕ್ಕೆ ಬೇರೆ ವಿಶೇಷಣವಿಲ್ಲದಿದ್ದರೆ, ಈ ಪ್ರತ್ಯಯ ಬಿದ್ದುಹೋಗುತ್ತದೆ. ‘ಮಾರುಕಟ್ಟೆಯನ್ನು ನೋಡುತ್ತೇನೆ’ ಎನ್ನಲು ‘ವದ್ ಪ್ಯಾತ್ಸಾ’, ಆದರೆ ‘ಮಾರುಕಟ್ಟೆಗೆ ಹೋಗುತ್ತೇನೆ’ ಎನ್ನಲು ‘ಮೆರ್ಗ್ ಲಾ ಪ್ಯಾತ್ಸ’. ರೈಲಿನಲ್ಲಿ ಹೋಗುವುದಕ್ಕೆ ಮಾತ್ರ ‘ಕು ತ್ರೆನುಲ್’ ಎನ್ನುತ್ತಾರೆ. ‘ಕು’ ಈ ನಿಯಮಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ಕರ್ಮಪದದ ವಿಷಯ ನನಗೆ ಅಚ್ಚರಿಯೊಂದಿಗೆ ಖುಷಿಯನ್ನೂ ಕೊಟ್ಟಿತು. ‘ರೈಲು ನೋಡಿದೆ’ ಎಂದು ನಾವು ವಿಭಕ್ತಿಯಿಲ್ಲದೆ ಹೇಳಬಲ್ಲೆವು, ಆದರೆ ‘ರಾಮ ನೋಡಿದೆ’ ಎನ್ನಲಾರೆವು, ‘ರಾಮನನ್ನು’ ಎನ್ನಲೇಬೇಕು. ರೊಮೇನಿಯನ್ನಿನಲ್ಲಿಯೂ ರೈಲಿಗೆ ‘ವದ್ ತ್ರೆನುಲ್’ ಸಾಕು, ಹೆಸರು ಹಿಡಿದು ಹೇಳುವ ವ್ಯಕ್ತಿಗಾದರೆ ‘ಪೆ’ ಬೇಕು. ಜೊತೆಗೆ ಕ್ರಿಯಾಪದದ ಮೊದಲು ಒಂದು ಕಿರು ಸರ್ವನಾಮವೂ ಬರುತ್ತದೆ: ‘ಇಲ್ ವದ್ ಪೆ ಇಯೋನ್’, ಅಕ್ಷರಶಃ ‘ಅವನನ್ನು ನೋಡುತ್ತೇನೆ, ಇಯೋನ್‌ನನ್ನು’. ಇಂಗ್ಲಿಷ್ ಕಿವಿಗೆ ಇದು ಪುನರುಕ್ತಿಯೆನಿಸಿದರೂ ಬಿಡುವಂತಿಲ್ಲ.

ಕನ್ನಡವೂ ನೆರವಿಗೆ ಬಾರದ ಒಂದು ಜಾಗವಿದೆ. ‘ಹೋಗಲು ಬಯಸುತ್ತೇನೆ’ ಎಂಬಲ್ಲಿ ನಮ್ಮ ‘ಹೋಗಲು’ ಯಾವ ಪುರುಷಕ್ಕೂ ಬದಲಾಗುವುದಿಲ್ಲ. ರೊಮೇನಿಯನ್ನಿನಲ್ಲಿ ‘ವ್ರ್ಯಾವು ಸ ಮೆರ್ಗ್’ ಎಂದು ‘ಸ’ದ ನಂತರದ ಕ್ರಿಯಾಪದವೂ ‘ನಾನು’ ಎಂಬುದಕ್ಕೆ ಹೊಂದಬೇಕು. ‘ಅವಳು ಹೋಗಲು ಬಯಸುತ್ತಾಳೆ’ ಎಂಬುದು ‘ವ್ರ್ಯಾ ಸ ಮ್ಯಾರ್ಗ’. ‘ಹೋಗುತ್ತಾಳೆ’ ಎಂಬ ಸಾದಾ ರೂಪ ‘ಮೆರ್ಜೆ’ ಆಗಿರುವುದರಿಂದ, ಪ್ರಥಮ ಪುರುಷದ ಈ ‘ಸ’ ರೂಪವನ್ನು ಪ್ರತಿ ಹೊಸ ಕ್ರಿಯಾಪದದೊಂದಿಗೆ ಬೇರೆಯಾಗಿಯೇ ಬಾಯಿಪಾಠ ಮಾಡಿಕೊಳ್ಳಿ.