ಬಾವಿ ತೋಡಿದರೆ ಸಮುದ್ರ ಸಿಗುತ್ತದಾ?

ಪ್ರಶ್ನೆ: ತೋಟಕ್ಕೆ ಬಾವಿ ತೋಡಿಸುತ್ತಿದ್ದೇವೆ. ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಶೇಡಿ ಮಣ್ಣು, ಈಗ ಗಟ್ಟಿ ಬಂಡೆ ಸಿಕ್ಕಿದೆ. ಮಲೆನಾಡಲ್ಲಿ ಎಂದಿನಿಂದಲೂ ಹೀಗೇ ಮಳೆ ಅಂತಾರೆ ನಮ್ಮ ಮಾವನವರು. ಎಂಟನೇ ಕ್ಲಾಸಿನ ಮಗ, ಇಲ್ಲಿ ಸಮುದ್ರ ಇತ್ತು ಅಂತ ಹಠ ಹಿಡಿದಿದ್ದಾನೆ. ಯಾರದ್ದು ಸರಿ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಮಗ ಸುಮ್ನೆ ಹೇಳುತ್ತಿಲ್ಲ. ಕೆಮ್ಮಣ್ಣುಗುಂಡಿಯ ಅದಿರು ಒಂದು ಕಾಲದಲ್ಲಿ ಭದ್ರಾವತಿ ಕಾರ್ಖಾನೆಗೆ ಹೋಗುತ್ತಿತ್ತಲ್ಲ, ಅದರ ಕಬ್ಬಿಣ 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಆಗ ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಕಬ್ಬಿಣ ಸಮುದ್ರದ ನೀರಲ್ಲಿ ಬೇಕಾದಷ್ಟು ಕರಗಿರುತ್ತಿತ್ತು, ತಳಕ್ಕೆ ಇಳಿದು ಕೂತದ್ದು ಅದೇ. ಆದರೆ ಅದು ಅರಬ್ಬಿ ಸಮುದ್ರ ಅಲ್ಲ ಅಂತ ಹುಡುಗನಿಗೆ ಹೇಳಿಬಿಡಿ. ಆಫ್ರಿಕಾ ಪಕ್ಕದ ಮಡಗಾಸ್ಕರ್ ದ್ವೀಪ ನಮ್ಮಿಂದ ಬಿಟ್ಟು ಹೋಗಿ ನಡುವೆ ಸಮುದ್ರಕ್ಕೆ ಜಾಗ ಆಗಿದ್ದೇ ಸುಮಾರು 9 ಕೋಟಿ ವರ್ಷದ ಹಿಂದೆ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲು ಆ ಹೊತ್ತಿನ ಲಾವಾ.

ಇನ್ನು ಮಾವನವರು. ಅವರ ಪರವಾಗಿ ಸಾಕ್ಷಿ ಹೇಳುವುದು ಜಂಬಿಟ್ಟಿಗೆ. ಅದು ಎಲ್ಲಿಂದಲೋ ಬಂದು ಕೂತ ಕಲ್ಲಲ್ಲ, ಕೆಳಗಿನ ಬಂಡೆಯೇ ಲಕ್ಷಾಂತರ ವರ್ಷ ಸೆಖೆ, ಮಳೆಗೆ ಕೊಳೆತು ಹಾಗಾಗಿದೆ. ಮಳೆನೀರು ಉಳಿದದ್ದನ್ನೆಲ್ಲ ಕರಗಿಸಿ ಒಯ್ದಿತು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಜಾಗ ಬಿಟ್ಟು ಕದಲಲಿಲ್ಲ, ಅದಕ್ಕೇ ಆ ಕೆಂಪು. ನೀವು ಹೊಸ್ತಿಲಿಗೆ ಎಳೆಯುವ ಶೇಡಿ ಅರ್ಧ ಕೊಳೆತ ಬಂಡೆ. ಅಂದರೆ ಇಲ್ಲಿ ಮಳೆ ಬಹಳ ಹಳೆಯದು, ನಿಜ.

ಆದರೆ 'ಹೀಗೇ' ಅನ್ನೋದು ತಪ್ಪು. ನೀಲಗಿರಿಯ ಜೌಗಿನಲ್ಲಿ ಗಿಡ ಕೊಳೆತು ಕೂತ ಕರಿಮಣ್ಣನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಸುಮಾರು 20,000 ವರ್ಷದ ಹಿಂದೆ, ಹಿಮಯುಗ ಜೋರಾಗಿದ್ದಾಗ, ಅಲ್ಲಿ ಒಣ ಹವೆಯ ಹುಲ್ಲಿನದೇ ಕಾರುಬಾರು. ಮುಂಗಾರು ಸೊರಗಿತ್ತು. ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು, ಕರಾವಳಿ ಎಷ್ಟೋ ದೂರ ಪಶ್ಚಿಮಕ್ಕಿತ್ತು. ಮತ್ತೆ ಮಳೆ ಚೇತರಿಸಿಕೊಂಡು 10,000 ವರ್ಷದ ಹಿಂದಿನ ಹೊತ್ತಿಗೆ ಜೋರಾಯಿತು.

ಹಿಂದೂ ಬದಲಾಗಿತ್ತಲ್ಲ, ಈಗ್ಯಾಕೆ ಹವಾಮಾನ ಬದಲಾವಣೆಯ ಗಲಾಟೆ ಅಂತ ಮಾವನವರು ಕೇಳೇ ಕೇಳ್ತಾರೆ, ಅಲ್ವಾ? ಆ ಹಿಮಯುಗ ಮುಗಿಯುವಾಗ ಗಾಳಿಯ 10 ಲಕ್ಷ ಭಾಗದಲ್ಲಿ, ಭೂಮಿಯ ಸೆಖೆ ಹೆಚ್ಚಿಸುವ ಇಂಗಾಲದ ಡೈ ಆಕ್ಸೈಡ್ 80 ಭಾಗದಷ್ಟು ಏರಲು ಆರೇಳು ಸಾವಿರ ವರ್ಷ ಹಿಡಿಯಿತು. ನಾವು 1850ರಿಂದ ಈಚೆಗೇ 130ಕ್ಕೂ ಜಾಸ್ತಿ ಏರಿಸಿದ್ದೇವೆ. ಅಷ್ಟು ಬೇಗ ಕಾಡು ಜಾಗ ಬದಲಿಸಲಾರದು, ಅಡಿಕೆ ಮರವೂ ಅಷ್ಟೆ.

ಬಾವಿಗೆ ರಿಂಗ್ ಇಳಿಸುವ ಮೊದಲು ಮಗನನ್ನು ಕರೆದು ತಳದಿಂದ ಬಂದ ಕಲ್ಲು ಒಡೆಸಿ ನೋಡಿ. ಒಳಗೆ ಕೆಂಪು, ಕರಿ ಪಟ್ಟೆ ಒಂದರ ಮೇಲೊಂದು ಇದ್ದು, ಕೈಗೆ ವಿಪರೀತ ಭಾರ ಅನ್ನಿಸಿದರೆ ಹುಡುಗನ ಸಮುದ್ರ ನಿಮ್ಮ ತೋಟದಲ್ಲೇ ಇದೆ.