ಗ್ಯಾರೇಜ್ ಪ್ರಶ್ನೋತ್ತರ: ಶಾಕ್ ಕೊಳ್ಳುವ ಮುಂಚೆ ಟೇಪು ಹಿಡಿಯಿರಿ

ಪ್ರಶ್ನೆ: ನನ್ನ ಮಾರುತಿ ಜಿಪ್ಸಿಯನ್ನು ಹಿಂದಿನ ಮಾಲೀಕರು 2 ಇಂಚು ಎತ್ತರಿಸಿದ್ದಾರೆ. ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಿಸಬೇಕು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದರೆ ಎಲ್ಲರೂ ‘ಯಾವ ಕಂಪನಿಯದು ಬೇಕು’ ಎಂದೇ ಕೇಳುತ್ತಾರೆ. ಯಾವುದನ್ನು ಹೇಳಲಿ? – ಯಲಹಂಕದಿಂದ

ಉತ್ತರ: ಕಂಪನಿ ಆಮೇಲೆ, ಮೊದಲು ಉದ್ದ. ಜಿಪ್ಸಿಗೆ ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ನಾಲ್ಕೂ ಮೂಲೆಗೆ ಕಮಾನ್ ಪ್ಲೇಟು. ಎತ್ತರಿಸುವಾಗ ಶಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಉದ್ದ ಮಾಡಿದ್ದಾರೋ, ಹೆಚ್ಚು ಬಾಗಿನ ಪ್ಲೇಟು ಹಾಕಿದ್ದಾರೋ, ಆಕ್ಸಲ್ ಮತ್ತು ಪ್ಲೇಟಿನ ನಡುವೆ ಬ್ಲಾಕ್ ತುರುಕಿದ್ದಾರೋ, ಅದರ ಮೇಲೆ ಚಕ್ರ ಎಷ್ಟು ಮೇಲೆ ಹೋಗುತ್ತದೆ, ಎಷ್ಟು ಕೆಳಗೆ ಜೋಲುತ್ತದೆ ಎಂಬುದು ಬದಲಾಗುತ್ತದೆ. ಡಬ್ಬಿಯ ಮೇಲೆ ‘2 ಇಂಚು ಲಿಫ್ಟಿಗೆ’ ಎಂದು ಬರೆದಿದ್ದರೆ ಅದು ಯಾವುದೋ ಒಂದು ಜಿಪ್ಸಿಯ ಲೆಕ್ಕ, ನಿಮ್ಮದಲ್ಲ.

ಮೂರು ಅಳತೆ ಬೇಕು, ಮೂರೂ ಮೇಲಿನ ಬೋಲ್ಟಿನ ಮಧ್ಯದಿಂದ ಕೆಳಗಿನ ಬೋಲ್ಟಿನ ಮಧ್ಯಕ್ಕೆ. ಗಾಡಿ ಸಮನೆಲದಲ್ಲಿ ನಿಂತಾಗ ಒಂದು. ಆಮೇಲೆ ಶಾಕ್ ಬಿಚ್ಚಿಟ್ಟು, ಒಂದೇ ಕಡೆಯ ಚಕ್ರವನ್ನು ಜಾಕಿನಿಂದ ಎತ್ತುತ್ತಾ ಹೋಗಿ, ಬಂಪ್ ಸ್ಟಾಪ್ ರಬ್ಬರ್ (ಚಕ್ರ ಇನ್ನೂ ಮೇಲೇರದಂತೆ ಚಾಸಿಯ ಕೆಳಗಿರುವ ತಡೆ) ಆಕ್ಸಲಿಗೆ ಒತ್ತಿದಾಗ ಎರಡನೆಯದು. ಚಾಸಿಯನ್ನು ಎತ್ತಿ ಸ್ಟ್ಯಾಂಡ್ ಕೊಟ್ಟು ಚಕ್ರವನ್ನು ಪೂರ್ತಿ ಜೋಲುಬಿಟ್ಟಾಗ ಮೂರನೆಯದು. ಮೂರನೆಯದನ್ನು ಅಳೆಯುವಾಗ ಬ್ರೇಕ್ ಹೋಸ್ ಬಿಗಿಯುತ್ತಿದೆಯೇ ಎಂದೂ ನೋಡಿ. ಹೋಸ್ ಮೊದಲು ಬಿಗಿದರೆ ಉದ್ದದ ಹೋಸ್ ಹಾಕಿಸುವ ತನಕ ಉದ್ದದ ಶಾಕ್ ಹಾಕಲೇಬೇಡಿ.

ಉದಾಹರಣೆಗೆ ನಿಂತಾಗ 440, ಒತ್ತಿದಾಗ 360, ಜೋತಾಗ 525 ಮಿ.ಮೀ. ಬಂತೆನ್ನಿ. ರಬ್ಬರು ಇನ್ನೂ ಕುಗ್ಗುತ್ತದೆ, ಅದಕ್ಕೆ 25 ಬಿಡಿ: ಶಾಕಿನ ಮುಚ್ಚಿದ ಉದ್ದ 335 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಜೋಲುವ ಕಡೆಗೆ 20 ಸೇರಿಸಿ: ತೆರೆದ ಉದ್ದ 545 ಅಥವಾ ಹೆಚ್ಚು. ಅಂದರೆ ರಾಡಿನ ಓಟ ಕನಿಷ್ಠ 210. ಅಂಗಡಿಯಲ್ಲಿ ಈ ಎರಡು ಸಂಖ್ಯೆ ಹೇಳಿ. ಕ್ಯಾಟಲಾಗಿನಲ್ಲಿ ಮುಚ್ಚಿದ ಮತ್ತು ತೆರೆದ ಉದ್ದ ತೋರಿಸಲಾಗದ ಕಡೆ ದುಡ್ಡು ಕೊಡಬೇಡಿ.

‘ಉದ್ದ ಇದ್ದಷ್ಟೂ ಒಳ್ಳೆಯದು’ ಎಂಬ ನಂಬಿಕೆಯೇ ಹೆಚ್ಚು ಶಾಕ್ ಮುರಿಯುವುದು. ಮೇಲಿನ ಲೆಕ್ಕದಲ್ಲಿ ಮುಚ್ಚಿದ ಉದ್ದ 375 ಇರುವ ಶಾಕ್ ಹಾಕಿದಿರಿ ಎನ್ನಿ. ಬಂಪ್ ಸ್ಟಾಪ್ ಮುಟ್ಟುವ ಮೊದಲೇ ಪಿಸ್ಟನ್ ತಳದ ವಾಲ್ವಿಗೆ ಗುದ್ದುತ್ತದೆ. ಗಾಡಿಯ ತೂಕವನ್ನೆಲ್ಲ ಆ ಕ್ಷಣ ಹೊರುವುದು ಒಂದು ಬೋಲ್ಟು ಮತ್ತು ಬೆಸುಗೆಯ ಬ್ರಾಕೆಟ್. ಕೆಲವೇ ಹಂಪುಗಳಲ್ಲಿ ವಾಲ್ವು ಪುಡಿ, ಇಲ್ಲವೇ ಬ್ರಾಕೆಟ್ ಕಿತ್ತು ಕೈಗೆ. ಅದೇ ಶಾಕ್ ಹಾಕಲೇಬೇಕೆಂದರೆ ಬಂಪ್ ಸ್ಟಾಪಿಗೆ 40 ಮಿ.ಮೀ. (375ಕ್ಕೂ 335ಕ್ಕೂ ಇರುವ ಅಂತರ) ತುಂಡು ಕೊಟ್ಟು ಕೆಳಗಿಳಿಸಬೇಕು. ಆಗ ಚಕ್ರ ಮೇಲೇರುವ ಓಟದಲ್ಲಿ ಅಷ್ಟೂ ನಷ್ಟ, ಎತ್ತರಿಸಿ ಪಡೆದದ್ದರಲ್ಲಿ ಬಹುಪಾಲು ವಾಪಸ್.

ಉದ್ದ ಕೂಡಿಬಂದ ಮೇಲೆ ತುದಿಗಳನ್ನು ನೋಡಿ: ಬೋಲ್ಟು ತೂರುವ ಕಣ್ಣಿನದೋ, ನಟ್ಟು ಹಾಕುವ ಪಿನ್ನಿನದೋ, ಬುಷ್ (ತುದಿಯ ರಬ್ಬರು) ಒಳಗಿನ ಸ್ಲೀವ್ ಎಷ್ಟು ಅಗಲ, ರಂಧ್ರ 12 ಮಿ.ಮೀ.ಯದೋ 14ರದ್ದೋ. ಹಳೆಯ ಶಾಕನ್ನು ಅಂಗಡಿಗೆ ಹೊತ್ತೊಯ್ದು ವರ್ನಿಯರ್ ಹಿಡಿದು ನೋಡುವುದರಲ್ಲಿ ಸಂಕೋಚವೇನಿಲ್ಲ. ಜೆ.ಸಿ. ರಸ್ತೆಯ ಕೌಂಟರಿನಲ್ಲಿ ಅದು ದಿನನಿತ್ಯದ ದೃಶ್ಯ.

ಇನ್ನೊಂದು ಮಾತು. ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ಖಚಿತವಾಗಿಯೇ ಹೇಳಿದೆ. ಮೂಲ ಅಳತೆಯ ಶಾಕ್ ಬದಲಿಸುವುದು ರಿಪೇರಿ, ಎತ್ತರಿಸುವುದು ಮಾರ್ಪಾಡು. ಗಾಡಿ ಕೊಳ್ಳುವಾಗಲೇ ಎತ್ತರಿಸಿದ್ದರೂ ಈಗ ಹೊಣೆ ನಿಮ್ಮದೇ.

ಪ್ರಶ್ನೆ: ಶಾಕ್ ಮೇಲೆ ಎಣ್ಣೆ ಕಂಡಿತೆಂದು ಮೆಕ್ಯಾನಿಕ್ ನಾಲ್ಕೂ ಬದಲಿಸಲು ಹೇಳುತ್ತಿದ್ದಾರೆ. ನಿಜಕ್ಕೂ ಹೋಗಿವೆ ಎಂದು ನಾನೇ ಪರೀಕ್ಷಿಸುವುದು ಹೇಗೆ? – ಕೆಂಗೇರಿಯಿಂದ

ಉತ್ತರ: ಸೀಲಿನ ಸುತ್ತ ತೆಳ್ಳಗೆ ಎಣ್ಣೆಪಸೆ, ಅದರ ಮೇಲೆ ಧೂಳು ಕೂತಿದ್ದರೆ ಗಾಬರಿ ಬೇಡ. ರಾಡು ಪ್ರತಿ ಸಲ ಒಂದಿಷ್ಟು ಪಸೆ ಹೊರತರುತ್ತದೆ. ಒರೆಸಿ, ವಾರ ಓಡಿಸಿ, ಮತ್ತೆ ನೋಡಿ. ಮೈಯಿಡೀ ಒದ್ದೆಯಾಗಿ ತಳದಲ್ಲಿ ಹನಿ ಜೋತಿದ್ದರೆ ಅದು ಮುಗಿದ ಕತೆ.

ಬಾನೆಟ್ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಪರೀಕ್ಷೆ ಕಾರಿಗೆ ಸರಿ, ಗಟ್ಟಿ ಕಮಾನ್ ಪ್ಲೇಟಿನ ಜೀಪಿಗೆ ನಂಬುವಂತಿಲ್ಲ. ಅದಕ್ಕಿಂತ ಒಳ್ಳೆಯದು ಕೈ. ಕಚ್ಚಾ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಬಂದ ಕೂಡಲೇ ನಾಲ್ಕೂ ಶಾಕ್ ಮುಟ್ಟಿ (ಹುಷಾರು, ಸುಡಬಹುದು). ಶಾಕಿನ ಕೆಲಸವೇ ಕುಲುಕಾಟವನ್ನು ಬಿಸಿಯಾಗಿ ಬದಲಿಸುವುದು. ಮೂರು ಬಿಸಿಯಾಗಿ ಒಂದು ತಣ್ಣಗಿದ್ದರೆ ಆ ತಣ್ಣಗಿನದೇ ಸತ್ತದ್ದು. ಟೈರಿನ ಮೇಲೆ ಅಂಗೈ ಆಡಿಸಿದಾಗ ಅಲ್ಲಲ್ಲಿ ಬಟ್ಟಲಿನಂತೆ ಸವೆದಿರುವುದು ಇನ್ನೊಂದು ಗುರುತು. ಬಿಚ್ಚಿದ ಮೇಲೆ ನೇರ ನಿಲ್ಲಿಸಿ ಎಳೆದು ಒತ್ತಿ, ನಡುವೆ ಎಲ್ಲಾದರೂ ತಡೆಯಿಲ್ಲದೆ ಸಲೀಸಾಗಿ ಜಾರಿದರೆ ಎಸೆಯಿರಿ. ಒಂದು ಹೋಗಿದ್ದರೆ ಅದೇ ಆಕ್ಸಲಿನ ಎರಡನ್ನೂ ಬದಲಿಸಿ, ನಾಲ್ಕೂ ಬೇಕೆಂದಿಲ್ಲ.

ಪ್ರಶ್ನೆ: 2020ರ ನಂತರದ ಥಾರ್ ಇದೆ. ವಾರವಿಡೀ ಔಟರ್ ರಿಂಗ್ ರೋಡ್, ತಿಂಗಳಿಗೊಮ್ಮೆ ಸಕಲೇಶಪುರ ಕಡೆ. ಮಾನೋಟ್ಯೂಬ್ (ಒಂದೇ ಕೊಳವೆಯ ಶಾಕ್) ಹಾಕಿಸಲೇ, ಪ್ರತ್ಯೇಕ ಡಬ್ಬಿ ಇರುವ ರಿಸರ್ವಾಯರ್ ಶಾಕ್ ಬೇಕೇ? – ರಾಜಾಜಿನಗರದಿಂದ

ಉತ್ತರ: ನಿಮ್ಮ ಬಳಕೆಗೆ ಕಡಿಮೆ ಒತ್ತಡದ ನೈಟ್ರೋಜನ್ ತುಂಬಿದ ಟ್ವಿನ್ ಟ್ಯೂಬ್ (ಕೊಳವೆಯೊಳಗೆ ಕೊಳವೆ ಇರುವ ಶಾಕ್) ಸಾಕು. ರಿಸರ್ವಾಯರ್ ಹಣಕ್ಕೆ ನಾಲ್ಕು ಒಳ್ಳೆಯ ಟೈರು ಕೊಳ್ಳಿ.

ಕಾರಣ ಇದು. ಕುಲುಕಾಟ ಎಡೆಬಿಡದೆ ಸಾಗಿದರೆ ಎಣ್ಣೆ ಬಿಸಿಯಾಗಿ ತೆಳುವಾಗುತ್ತದೆ, ಗಾಳಿ ಬೆರೆತು ನೊರೆಯೂ ಏಳುತ್ತದೆ. ನೊರೆಗೆ ವಾಲ್ವಿನಲ್ಲಿ ತಡೆಯಿಲ್ಲ. ಗಾಡಿ ತೇಲತೊಡಗುವುದು ಆಗ. ನೈಟ್ರೋಜನ್ನಿನ ಒತ್ತಡ ನೊರೆಯನ್ನು ಅಡಗಿಸುತ್ತದೆ. ಮಾನೋಟ್ಯೂಬಿನಲ್ಲಿ ಗ್ಯಾಸು ಬೇರೆ ಕೋಣೆಯಲ್ಲಿದ್ದು, ನಡುವೆ ತೇಲುವ ಪಿಸ್ಟನ್ ಇರುವುದರಿಂದ ಎರಡೂ ಬೆರೆಯುವುದೇ ಇಲ್ಲ, ಎಣ್ಣೆ ನೇರ ಹೊರಗೋಡೆಗೆ ತಾಗಿ ಬೇಗ ತಣಿಯುತ್ತದೆ. ಗಂಟೆಗಟ್ಟಲೆ ವೇಗವಾಗಿ ಮರಳಲ್ಲಿ, ಜಲ್ಲಿಯಲ್ಲಿ ಓಡುವವರಿಗೆ ಅದು ವರ. ಸಕಲೇಶಪುರದ ಎಸ್ಟೇಟ್ ದಾರಿಯಲ್ಲಿ ನಿಮ್ಮ ವೇಗ 10–15 ಕಿ.ಮೀ. ಅಲ್ಲಿ ಬಿಸಿಗಿಂತ ಕಲ್ಲೇ ಶತ್ರು. ಮಾನೋಟ್ಯೂಬಿನ ಪಿಸ್ಟನ್ ಓಡುವುದು ಹೊರಗೋಡೆಗೇ ಉಜ್ಜಿಕೊಂಡು, ಕಲ್ಲು ಬಡಿದು ಒಂದು ತಗ್ಗು ಬಿದ್ದರೆ ಅಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಟ್ವಿನ್ ಟ್ಯೂಬಿನ ಹೊರಮೈ ತಗ್ಗಾದರೂ ಒಳಗಿನ ಕೊಳವೆ ಕೆಲಸ ಮಾಡುತ್ತಲೇ ಇರುತ್ತದೆ.

ಥಾರಿನ ಮುಂದಿನ ಶಾಕ್ ಸುರುಳಿ ಸ್ಪ್ರಿಂಗಿನ ಒಳಗೇ ಇದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ಟು ಬಿಚ್ಚಿದರೆ ಸ್ಪ್ರಿಂಗು ಸಿಡಿದು ಮುಖ ಮುರಿಯುತ್ತದೆ. ಆ ಉಪಕರಣ ಇರುವ ಗ್ಯಾರೇಜಿಗೇ ಹೋಗಿ, ಹಾಕಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಹಂಪಿನ ಮೇಲೆ ಒರಟು ಎಂಬುದೇ ನಿಮ್ಮ ತಕರಾರಾದರೆ ಮೊದಲು ಟೈರಿನ ಗಾಳಿ ನೋಡಿ. ಬಂಕಿನಲ್ಲಿ ‘40 ಹಾಕಪ್ಪಾ’ ಎಂದು ಹಾಕಿಸಿಕೊಂಡು ಶಾಕನ್ನು ಬೈಯುವವರು ಕಡಿಮೆಯೇನಿಲ್ಲ.

ಪ್ರಶ್ನೆ: ರೀಕಂಡೀಷನ್ ಶಾಕ್ ಅರ್ಧ ಬೆಲೆಗೆ ಸಿಗುತ್ತದೆ. ತಗೋಬಹುದೇ? – ಬನಶಂಕರಿಯಿಂದ

ಉತ್ತರ: ಬೇಡ. ಸೀಲ್ ಮಾಡಿದ ಟ್ವಿನ್ ಟ್ಯೂಬನ್ನು ಕೊಯ್ದು, ಕೈಗೆ ಸಿಕ್ಕ ಎಣ್ಣೆ ತುಂಬಿ, ಬೆಸೆದು ಬಣ್ಣ ಹೊಡೆದರೆ ವಾಲ್ವು ಹೊಸದಾಗುವುದಿಲ್ಲ, ಗ್ಯಾಸಂತೂ ಹೋಯಿತು. ಸರ್ಕ್ಲಿಪ್ (ಒಳಭಾಗ ಹಿಡಿದಿಡುವ ಉಂಗುರ) ತೆಗೆದು ಬಿಚ್ಚುವಂತೆ ತಯಾರಾದ ದುಬಾರಿ ಶಾಕುಗಳ ಮಾತು ಬೇರೆ. ಅವುಗಳ ಸೀಲ್ ಕಿಟ್ ಬದಲಿಸಿ ನೈಟ್ರೋಜನ್ ಮರುತುಂಬಬಹುದು. ಹಳೆಯ ಗ್ಯಾಸ್ ಶಾಕನ್ನು ಗುಜರಿಗೆ ಹಾಕುವಾಗ ‘ಗ್ಯಾಸ್ ಶಾಕ್, ಬೆಂಕಿ ಹಿಡೀಬೇಡಿ’ ಎಂದು ಹೇಳಿಯೇ ಕೊಡಿ.

ಪ್ರಶ್ನೆ: ಹೊಸ ಶಾಕ್ ಹಾಕಿಸಿ ತಿಂಗಳಾಗಿಲ್ಲ, ಹಿಂದೆ ಟಕ್ ಟಕ್ ಸದ್ದು. ಬುಷ್ ಹರಿದಿದೆಯಂತೆ. ಮಾಲೇ ಕಳಪೆಯೇ? – ಹೊಸಕೋಟೆಯಿಂದ

ಉತ್ತರ: ಮಾಲಿಗಿಂತ ಹಾಕಿದ ರೀತಿಯ ಮೇಲೆ ಅನುಮಾನ. ಗಾಡಿ ಜಾಕಿನ ಮೇಲಿರುವಾಗ, ಚಕ್ರ ಜೋತಿರುವಾಗಲೇ ಬೋಲ್ಟು ಪೂರ್ತಿ ಬಿಗಿದಿರುತ್ತಾರೆ. ಬುಷ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಕೆಳಗಿಳಿದಾಗ ರಬ್ಬರು ತಿರುಚಿಕೊಂಡೇ ನಿಂತು, ಪ್ರತಿ ಗುಂಡಿಗೂ ಇನ್ನಷ್ಟು ತಿರುಚಿ ಹರಿಯುತ್ತದೆ. ಹೊಸ ಬುಷ್ ಹಾಕಿಸಿ, ಬೋಲ್ಟನ್ನು ಕೈಬಿಗಿಗೆ ಬಿಟ್ಟು, ಗಾಡಿ ನೆಲಕ್ಕಿಳಿಸಿ ಎರಡು ಸಲ ಕುಲುಕಿ, ಆಮೇಲೆ ಪೂರ್ತಿ ಬಿಗಿಸಿ. ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವುದು) ಹೊಸದೇ ಇರಲಿ. ಪಿನ್ನಿನ ತುದಿಯಾದರೆ ರಬ್ಬರು ಉಬ್ಬಿ ವಾಷರಿನ ಅಂಚಿಗೆ ಬರುವಷ್ಟು ಬಿಗಿ ಸಾಕು. ರಾಡು ತಿರುಗುತ್ತದೆಂದು ಪ್ಲೈಯರ್‌ನಿಂದ ಅದರ ಹೊಳಪಿನ ಮೈ ಹಿಡಿದಿದ್ದರೆ ಆ ಗೀರು ಸೀಲನ್ನು ಕತ್ತರಿಸುತ್ತದೆ, ರಾಡನ್ನೂ ಒಮ್ಮೆ ನೋಡಿಸಿ.

ಪ್ರಶ್ನೆ: ಕಬ್ಬಿಣದ ಬಂಪರ್, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಹಗ್ಗದ ಯಂತ್ರ) ಹಾಕಿಸಿದ ಮೇಲೆ ಮುಂಭಾಗ ಕುಸಿದಿದೆ. ಗಟ್ಟಿ ಶಾಕ್ ಹಾಕಿಸಿದರೂ ಎದ್ದಿಲ್ಲ. – ಜಯನಗರದಿಂದ

ಉತ್ತರ: ಏಳುವುದಿಲ್ಲ. ತೂಕ ಹೊರುವುದು ಸ್ಪ್ರಿಂಗು, ಅದರ ಕುಣಿತ ತಡೆಯುವುದಷ್ಟೇ ಶಾಕಿನ ಕೆಲಸ. ಸೋತ ಸ್ಪ್ರಿಂಗಿಗೆ ಅತಿ ಗಟ್ಟಿ ಶಾಕ್ ಕಟ್ಟಿದರೆ, ಸಾಲು ಸಾಲು ಉಬ್ಬುಗಳ ಮೇಲೆ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನ ಉಬ್ಬು ಬಂದು, ಗಾಡಿ ಇನ್ನೂ ಕುಸಿಯುತ್ತಾ ಬಂಪ್ ಸ್ಟಾಪಿಗೆ ಕೂತುಬಿಡುತ್ತದೆ. ಬಂಪರು, ವಿಂಚು ಎರಡನ್ನೂ ತೂಕ ಹಾಕಿಸಿ, ಆ ಹೆಚ್ಚುವರಿ ಕಿಲೋ ಹೇಳಿ ಮುಂದಿನ ಸ್ಪ್ರಿಂಗ್ ಕೊಳ್ಳಿ, ಅದಕ್ಕೆ ಹೊಂದುವ ಶಾಕನ್ನು ಆಮೇಲೆ ಅಳೆಯಿರಿ. ವಿಂಚಿಗೆ ಉಕ್ಕಿನ ಹಗ್ಗವಿದ್ದರೆ ಸಿಂಥೆಟಿಕ್ ಹಗ್ಗಕ್ಕೆ ಬದಲಾಯಿಸಿ, ಮೂತಿಯ ಮೇಲಿನ ಭಾರ ಅಲ್ಲೇ ಕೆಲವು ಕಿಲೋ ಇಳಿಯುತ್ತದೆ.